ಗೋರಾನ ತಾಯಿ ಕಾಶಿಯವಳು

ಟಾಗೋರರ ‘ಗೋರಾ’ ಓದಿದವರನ್ನು ಕೇಳಿ ನೋಡಿ. ಜಾತಿ, ಮಡಿ, ಆಚಾರ ಎಂದು ಕಾದಂಬರಿಯುದ್ದಕ್ಕೂ ಹಟ ಹಿಡಿದ ಗೋರಾ ಕೊನೆಗೆ ತಾನು ಐರಿಷ್ ದಂಪತಿಯ ಮಗನೆಂದು ತಿಳಿಯುವುದು ಎಲ್ಲರಿಗೂ ನೆನಪಿರುತ್ತದೆ. ಅವನನ್ನು ಎತ್ತಿ ಸಾಕಿದ ಆನಂದಮಯಿ ಎಲ್ಲಿಯವಳು ಎಂದು ಕೇಳಿದರೆ ತಡವರಿಸುತ್ತಾರೆ. ಆಕೆ ಕಾಶಿಯವಳು. ಇಲ್ಲಿ ನೆಲೆಸಿದ್ದ ಸಾರ್ವಭೌಮರೆಂಬ ಪಂಡಿತರ ತಂದೆಯಿಲ್ಲದ ಮೊಮ್ಮಗಳು. ಕೃಷ್ಣದಯಾಳನ ಎರಡನೆಯ ಹೆಂಡತಿಯಾಗಿ ಇಟಾವಾದಲ್ಲಿದ್ದಾಗ, 1857ರ ದಂಗೆಯ ಒಂದು ರಾತ್ರಿ, ಗಂಡನನ್ನು ಕಳೆದುಕೊಂಡ ಬಿಳಿಯ ಹೆಂಗಸೊಬ್ಬಳು ಆಶ್ರಯ ಕೇಳಿಕೊಂಡು ಅವರ ಮನೆಗೆ ಬರುತ್ತಾಳೆ. ಮಗುವನ್ನು ಹೆತ್ತು ಕಣ್ಣು ಮುಚ್ಚುತ್ತಾಳೆ. ಮಕ್ಕಳಿಲ್ಲದ ಆನಂದಮಯಿ ಆ ಮಗುವನ್ನು ಎತ್ತಿಕೊಂಡುಬಿಡುತ್ತಾಳೆ. ಕಾಗದವಿಲ್ಲ, ಹೋಮವಿಲ್ಲ, ಸಾಕ್ಷಿಗಳಿಲ್ಲ.

ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ವಾರಾಣಸಿಗೆ ಬಂದು ನಾಲ್ಕು ವರ್ಷವಾಯಿತು. ಬೆಂಗಳೂರಿನಲ್ಲಿ ಓದುವಾಗ ಕಣ್ಣಿಗೆ ಬೀಳದೆ ಹೋಗಿದ್ದ ಆ ಒಂದು ವಿವರ ಇಲ್ಲಿ ಬಂದಮೇಲೆ ಬಿಡದೆ ಹಿಡಿದುಕೊಂಡಿತು. ಟಾಗೋರರು ಆಕೆಯನ್ನು ಕೊಲ್ಕತ್ತದ ಯಾವುದೋ ಬೀದಿಯವಳನ್ನಾಗಿ ಮಾಡಬಹುದಿತ್ತು. ಶಾಸ್ತ್ರದ ಕೊನೆಯ ತೀರ್ಪು ಹೇಳುವ ಊರಿನ, ಪಂಡಿತರ ಮನೆಯ ಹುಡುಗಿಯನ್ನೇ ಆರಿಸಿ, ಅವಳ ಮಡಿಲಿಗೆ ಪರದೇಶದ ಕೂಸನ್ನು ಹಾಕಿದ್ದಾರೆ. ಮಗುವನ್ನು ಎತ್ತಿಕೊಂಡ ದಿನದಿಂದ ಅವಳು ಮಡಿ ಬಿಟ್ಟಳು. ಕ್ರಿಶ್ಚಿಯನ್ ಕೆಲಸದವಳು ಲಛಮಿಯಾಳನ್ನು ಮನೆಯಲ್ಲಿಟ್ಟುಕೊಂಡಳು. ಲಛಮಿಯಾ ಇರುವ ಕಾರಣಕ್ಕೆ ಗೋರಾ ತಾಯಿಯ ಕೋಣೆಯಲ್ಲಿ ಊಟ ಮಾಡುವುದಿಲ್ಲ! ಮಗ ಯಾರೆಂದು ಗೊತ್ತಿರುವ ತಾಯಿ ಅದನ್ನು ನುಂಗಿಕೊಂಡು ಸುಮ್ಮನಿರುತ್ತಾಳೆ.

1907ರಿಂದ ‘ಪ್ರಬಾಸಿ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1910ರಲ್ಲಿ ಪುಸ್ತಕವಾದ ಕಾದಂಬರಿ ಇದು. 1938ರಲ್ಲಿ ನರೇಶ್ ಮಿತ್ರ ಇದನ್ನು ಬಂಗಾಳಿಯಲ್ಲಿ ಸಿನಿಮಾ ಮಾಡಿದರು, ಸಂಗೀತ ಕಾಜಿ ನಜ್ರುಲ್ ಇಸ್ಲಾಮರದು. ಗಡಿ ದಾಟಿದ ದತ್ತು ಎಂದರೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಕಂದು ಬಣ್ಣದ ಮಗು, ಬಿಳಿಯ ತಾಯಿ, ನಡುವೆ ಒಂದು ವಿಮಾನ. ಗೋರಾದಲ್ಲಿ ಅದು ತಿರುಗುಮುರುಗು. ಅದಕ್ಕೂ ಒಂಬತ್ತು ವರ್ಷ ಮುಂಚೆ, 1901ರಲ್ಲಿ, ಕಿಪ್ಲಿಂಗ್ ‘ಕಿಮ್’ ಬರೆದಿದ್ದ. ಅವನ ಕಿಮ್ ಕೂಡ ಐರಿಷ್ ಅನಾಥನೇ, ಲಾಹೋರಿನ ಬೀದಿಯಲ್ಲಿ ಬೆಳೆದವನು. ಅವನನ್ನು ಮಗನಂತೆ ಕಾಣುವ ಟಿಬೆಟಿನ ಲಾಮಾ ಉಳಿದುಕೊಳ್ಳುವುದು ಬನಾರಸಿನ ಜೈನ ಬಸದಿಯಲ್ಲಿ. ಲಖನೌ ಶಾಲೆಗೆ ಹುಡುಗನ ಫೀಸು ಕಟ್ಟುವವನೂ ಅವನೇ. ಇಬ್ಬರು ಐರಿಷ್ ಅನಾಥರು, ಇಬ್ಬರ ಸಾಕುನಂಟೂ ಕಾಶಿಗೆ ಬಂದು ಮುಟ್ಟುತ್ತದೆ. ಆದರೆ ಕಿಪ್ಲಿಂಗ್ ತನ್ನ ಹುಡುಗನನ್ನು ಸರ್ಕಾರದ ಗೂಢಚಾರನನ್ನಾಗಿ ಮಾಡುತ್ತಾನೆ, ಟಾಗೋರರು ತಮ್ಮ ಹುಡುಗನನ್ನು ತಾಯಿಯ ಕಾಲಬುಡಕ್ಕೆ ಕಳಿಸುತ್ತಾರೆ. 1950ರಲ್ಲಿ ಹಾಲಿವುಡ್ ‘ಕಿಮ್’ ತೆಗೆದಾಗ ದೊಡ್ಡ ನಟ ಎರಾಲ್ ಫ್ಲಿನ್‌ಗೆ ಸಿಕ್ಕಿದ್ದು ಕುದುರೆ ವ್ಯಾಪಾರಿ ಮಹಬೂಬ್ ಅಲಿಯ ಪಾತ್ರ. ಲಾಮಾನ ವಾತ್ಸಲ್ಯಕ್ಕಿಂತ ಗೂಢಚಾರಿಕೆಯ ಸಾಹಸ ಟಿಕೆಟ್ ಮಾರುತ್ತದೆ, ಏನು ಮಾಡುವುದು.

ಇಷ್ಟೆಲ್ಲ ತಲೆಗೆ ಹತ್ತಿದ್ದಕ್ಕೆ ಕಾರಣ ನನ್ನ ಚಿಕ್ಕಮ್ಮನ ಮಗಳು. ಅವಳು ಮತ್ತು ಅವಳ ಗಂಡ ಹೊರದೇಶದಲ್ಲಿರುವ ಕನ್ನಡಿಗರು. ಕಾದು ಕಾದು ಸುಸ್ತಾಗಿ, ಕೊನೆಗೆ ಪೂರ್ವ ಉತ್ತರ ಪ್ರದೇಶದ ಒಂದು ಸಂಸ್ಥೆಯಿಂದ ನಾಲ್ಕು ವರ್ಷದ ಹುಡುಗಿಯನ್ನು ದತ್ತು ತೆಗೆದುಕೊಂಡರು. ಕಳೆದ ಚಳಿಗಾಲದಲ್ಲಿ ಮಗುವಿನ ಪಾಸ್‌ಪೋರ್ಟಿಗಾಗಿ ಕಾಯುತ್ತ ಹತ್ತು ದಿನ ನಮ್ಮ ಮನೆಯಲ್ಲಿದ್ದರು. ಕಾನೂನಿನ ಕಣ್ಣಿನಲ್ಲಿ ಅನಿವಾಸಿ ಕನ್ನಡಿಗರು ಇಲ್ಲಿಯ ಮಗುವನ್ನು ತೆಗೆದುಕೊಂಡು ಹೋಗುವುದೂ ಅಂತರರಾಷ್ಟ್ರೀಯ ದತ್ತುವೇ. ಆ ಹುಡುಗಿಗೆ ಬರುತ್ತಿದ್ದುದು ಭೋಜಪುರಿ ಬೆರೆತ ಹಿಂದಿ. ತಾಯಿಗೆ ಬರುತ್ತಿದ್ದುದು ಶಿವಮೊಗ್ಗದ ಕನ್ನಡ, ಇಂಗ್ಲಿಷ್, ಮತ್ತು ಹಿಂದಿ ಧಾರಾವಾಹಿಗಳಿಂದ ಕಲಿತ ಹಿಂದಿ. ರಾತ್ರಿ ಮಗು ಏನೋ ಕೇಳುವುದು, ಇವಳು ನನ್ನ ಹೆಂಡತಿಯನ್ನು ಎಬ್ಬಿಸಿ ‘ಅತ್ತಿಗೆ, ಇವಳಿಗೆ ಏನು ಬೇಕಂತೆ?’ ಎಂದು ಕೇಳುವುದು. ಮೂರನೆಯ ದಿನ ಮಗು ‘ಪಾನಿ’ ಬಿಟ್ಟು ‘ನೀರು’ ಅಂದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಒಳಗೊಳಗೆ ಏನೋ ಕಸಿವಿಸಿ. ಒಂದು ಪದ ಬಂತು, ಸರಿ. ಹೋದ ಪದ ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಲಂಕಾ ಕಡೆ ಕಚೋರಿ ತಿನ್ನಲು ಕರೆದುಕೊಂಡು ಹೋದೆ. ಇಲ್ಲಿ ಕಚೋರಿಯ ಜೊತೆ ಬಿಸಿ ಜಿಲೇಬಿ ಇದ್ದೇ ಇರುತ್ತದೆ. ಮಗು ಕೈ ಚಾಚಿತು. ತಂಗಿ ತಮಾಷೆಗೆ, ಆದರೆ ಪೂರ್ತಿ ತಮಾಷೆಗಲ್ಲ, ಅಂದಳು: ‘ಬೇಡ ಅಣ್ಣ, ಜಿಲೇಬಿ ಕೊಡಿಸಬೇಡ. ಇನ್ನು ಇಪ್ಪತ್ತು ವರ್ಷ ಆದಮೇಲೆ ಇದೇ ನೆನಪಾಗಿ ನಮ್ಮನ್ನ ಬಿಟ್ಟು ಹೊರಟುಬಿಡ್ತಾಳೆ.’ ‘ಲಯನ್’ ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಆಮೇಲೆ ಕೇಳಿದಳು: ‘ಸಿನಿಮಾ ಬಗ್ಗೆ ಬರೀತಿಯಲ್ಲ, ಹೇಳು. ಇವಳು ದೊಡ್ಡವಳಾದಮೇಲೆ ಯಾವ ಸಿನಿಮಾ ತೋರಿಸಲಿ?’ ನಾನು ಜಿಲೇಬಿಯನ್ನಂತೂ ಕೊಡಿಸಿದೆ.

ಮೊದಲು ‘ಲಯನ್’ ವಿಷಯವೇ ಹೇಳಿಬಿಡುತ್ತೇನೆ. ಸರೂ ಬ್ರಿಯರ್ಲಿ ಎಂಬಾತ 1986ರಲ್ಲಿ, ಐದು ವರ್ಷದವನಿದ್ದಾಗ, ಬುರ್ಹಾನ್‌ಪುರ ಸ್ಟೇಷನ್ನಿನಲ್ಲಿ ಖಾಲಿ ರೈಲು ಹತ್ತಿ ನಿದ್ದೆಹೋಗಿ ಕೊಲ್ಕತ್ತದಲ್ಲಿ ಇಳಿದ. ಮುಂದಿನ ವರ್ಷ ಆಸ್ಟ್ರೇಲಿಯಾದ ಹೋಬಾರ್ಟಿನ ದಂಪತಿ ದತ್ತು ತೆಗೆದುಕೊಂಡರು. ಇಪ್ಪತ್ತೈದು ವರ್ಷದ ನಂತರ ಗೂಗಲ್ ಅರ್ಥ್‌ನಲ್ಲಿ ರೈಲು ಹಳಿಗಳನ್ನು ಹಿಡಿದು ಹುಡುಕಿ, 2012ರಲ್ಲಿ ಖಂಡ್ವಾದ ಗಣೇಶ್ ತಲಾಯಿ ಎಂಬ ಬಡಾವಣೆಗೆ ಬಂದು ತಾಯಿಯನ್ನು ಕಂಡ. 2013ರಲ್ಲಿ ಪುಸ್ತಕ ಬರೆದ, 2016ರಲ್ಲಿ ಗಾರ್ತ್ ಡೇವಿಸ್ ಅದನ್ನು ಸಿನಿಮಾ ಮಾಡಿದ. ಖಂಡ್ವಾ ನಮಗೆ ದೂರವಲ್ಲ. ಕಿಶೋರ್ ಕುಮಾರ್ ಹುಟ್ಟಿದ ಊರು. ವಾರಾಣಸಿಯಿಂದ ಮುಂಬಯಿಗೆ ಹೋಗುವ ಮಹಾನಗರಿ ಎಕ್ಸ್‌ಪ್ರೆಸ್ ಅದೇ ಸ್ಟೇಷನ್ ಹಾದುಹೋಗುತ್ತದೆ. ಮುಂಬಯಿ ಕನ್ನಡಿಗರು ಕಾಶಿಯಾತ್ರೆಗೆಂದು ಆ ಪ್ಲಾಟ್‌ಫಾರಂ ದಾಟಿಯೇ ಬಂದಿರುತ್ತೀರಿ.

ಪುಸ್ತಕವೂ ಸಿನಿಮಾವೂ ಬೇರೆಯಾಗುವ ಜಾಗ ಒಂದಿದೆ, ಅದು ಜಿಲೇಬಿ. ಸಿನಿಮಾದಲ್ಲಿ ದೊಡ್ಡವನಾದ ಸರೂ ಮೆಲ್ಬರ್ನಿನಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗುತ್ತಾನೆ. ಅಡುಗೆಮನೆಯಲ್ಲಿ ತಟ್ಟೆಯ ತುಂಬ ಜಿಲೇಬಿ. ಅಣ್ಣ ಗುಡ್ಡೂವಿನ ಹತ್ತಿರ ಕೇಳಿದ್ದ ಜಿಲೇಬಿ. ಒಂದನ್ನು ಬಾಯಿಗಿಟ್ಟ ಕ್ಷಣಕ್ಕೆ ಮುಚ್ಚಿದ್ದ ಬಾಗಿಲು ತೆರೆದುಕೊಳ್ಳುತ್ತದೆ. ದೇವ್ ಪಟೇಲ್ ಅದನ್ನು ಚೆನ್ನಾಗಿಯೇ ಮಾಡಿದ್ದಾನೆ. ಪುಸ್ತಕದಲ್ಲಿ ಹಾಗಲ್ಲ. ಅಲ್ಲಿ ಹುಡುಗ ಮರೆತೇ ಇರುವುದಿಲ್ಲ. ಹೋಬಾರ್ಟಿನ ಮನೆಯಲ್ಲಿ ರಾತ್ರಿ ಮಲಗುವಾಗ ಮನಸ್ಸಿನಲ್ಲೇ ಸ್ಟೇಷನ್ನಿನಿಂದ ಮನೆಯವರೆಗೆ ನಡೆದು, ಯಾವ ಓಣಿಯಲ್ಲಿ ತಿರುಗಬೇಕು, ಎಲ್ಲಿ ಹಳ್ಳ ದಾಟಬೇಕು ಎಂದು ಪಾಠ ಒಪ್ಪಿಸಿದಂತೆ ನೆನಪನ್ನು ಕಾಪಾಡಿಕೊಳ್ಳುತ್ತಾನೆ. ಸಾಕುತಾಯಿ ಅವನ ಕೋಣೆಯ ಗೋಡೆಗೆ ಭಾರತದ ನಕ್ಷೆ ಹಾಕಿರುತ್ತಾಳೆ. ಸಿನಿಮಾಕ್ಕೆ ಈ ನಿತ್ಯದ ಜಪ ಬೇಡ. ಅದಕ್ಕೆ ಬೇಕಾದದ್ದು ಮರೆವು, ಆಮೇಲೆ ಮಿಂಚು. ಎರಡು ಗಂಟೆಯ ಆಟಕ್ಕೆ ಅದೇ ಅನುಕೂಲ. ಆದರೆ ದತ್ತು ಮಕ್ಕಳ ತಂದೆತಾಯಿಯರು ಪ್ರತಿ ಜಿಲೇಬಿಯನ್ನೂ ಬಾಂಬಿನಂತೆ ನೋಡುವ ಹಾಗಾಗಿದೆ. ನೆನಪು ಬೆಳಿಗ್ಗೆ ಹಲ್ಲುಜ್ಜುವಷ್ಟು ಸಹಜವಾಗಿ ಮಗುವಿನ ಜೊತೆ ಇದ್ದುಬಿಡಬಹುದು, ಅದರಿಂದ ಮನೆ ಬೀಳುವುದಿಲ್ಲ ಎಂದು ಹೇಳುವ ಧೈರ್ಯ ಪುಸ್ತಕಕ್ಕಿತ್ತು.

ಆ ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಭಾಷೆಯ ವಿಷಯ. ಹುಡುಗ ತನ್ನ ಊರಿನ ಹೆಸರನ್ನು ಐದು ವರ್ಷದ ಬಾಯಲ್ಲಿ ಕೆಡಿಸಿಯೇ ನೆನಪಿಟ್ಟುಕೊಂಡಿರುತ್ತಾನೆ. ಗಣೇಶ್ ತಲಾಯಿ ‘ಗಣೆಸ್ತಲೆ’ ಆಗಿದೆ, ಶೇರೂ ‘ಸರೂ’ ಆಗಿದೆ. ಕೊಲ್ಕತ್ತದಲ್ಲಿ ಸುತ್ತ ಎಲ್ಲ ಬಂಗಾಳಿ, ಅವನಿಗೆ ಬರುವುದು ಹಿಂದಿ. ಅಂದರೆ ಮಗು ಪರದೇಶಿಯಾದದ್ದು ವಿಮಾನ ಹತ್ತಿದ ಮೇಲಲ್ಲ, ರೈಲು ಇಳಿದಾಗಲೇ. ಊರು ಬಿಟ್ಟು ಊರಿಗೆ ಬಂದ ನಮಗೆ, ಸ್ಟೇಷನ್ನಿನಲ್ಲಿ ನಿಂತು ಸುತ್ತಲಿನ ಮಾತು ತಿಳಿಯದೆ ಕಂಗಾಲಾದ ನೆನಪು ಇರುವ ನಮಗೆ, ಆ ಹೌರಾ ಸ್ಟೇಷನ್ನಿನ ದೃಶ್ಯ ಹೆಚ್ಚು ತಟ್ಟುತ್ತದೆ. ಸನ್ನಿ ಪವಾರ್ ಎಂಬ ಪುಟ್ಟ ಹುಡುಗನ ಮುಖ ಸಾಕು, ಆ ಅರ್ಧ ಭಾಗಕ್ಕೆ ಮಾತೇ ಬೇಡ.

ಹೆತ್ತ ತಾಯಿಗೆ ಮಾತ್ರ ಅನ್ಯಾಯವಾಗಿದೆ ಅನ್ನಿಸಿತು. ಕಲ್ಲು ಹೊತ್ತು ಮಕ್ಕಳನ್ನು ಸಾಕಿದ ಆ ಹೆಂಗಸು, ಪ್ರಿಯಾಂಕಾ ಬೋಸ್ ಮಾಡಿದ ಪಾತ್ರ, ಮೊದಲ ಕೆಲವು ನಿಮಿಷ ಮತ್ತು ಕೊನೆಯ ಕೆಲವು ನಿಮಿಷ ಕಾಣಿಸುತ್ತಾಳೆ. ನಡುವಿನ ಇಪ್ಪತ್ತೈದು ವರ್ಷ ಅವಳು ಮಗನ ಕನಸಿನಲ್ಲಷ್ಟೇ ಇದ್ದಾಳೆ. ಆ ಒಂದೇ ರಾತ್ರಿಯಲ್ಲಿ ಅವಳು ಇಬ್ಬರು ಮಕ್ಕಳನ್ನು ಕಳೆದುಕೊಂಡಳು. ಗುಡ್ಡೂ ಅದೇ ರಾತ್ರಿ ರೈಲು ಹಳಿಯ ಮೇಲೆ ಸತ್ತಿದ್ದ. ಮಗ ಬಂದರೆ ಮನೆ ಸಿಗಬೇಕೆಂದು ಆ ಊರು ಬಿಟ್ಟು ಅವಳು ಕದಲಲಿಲ್ಲ. ಇದಕ್ಕಿಂತ ದೊಡ್ಡ ಸಿನಿಮಾ ಬೇಕೆ? ಆದರೆ ಕ್ಯಾಮರಾ ವಿಮಾನ ಹತ್ತಿ ಹೋಗಿಬಿಟ್ಟಿದೆ. ಕಾದಂಬರಿಗೆ ಈ ತೊಂದರೆ ಕಡಿಮೆ. ಶಿಲ್ಪಿ ಸೋಮಯ್ಯ ಗೌಡ ಅವರ ‘ಸೀಕ್ರೆಟ್ ಡಾಟರ್’ (2010) ಓದಿದರೆ ತಿಳಿಯುತ್ತದೆ. ಹೆಣ್ಣುಮಗುವನ್ನು ಮುಂಬಯಿಯ ಅನಾಥಾಲಯಕ್ಕೆ ಒಪ್ಪಿಸಿ ಬಂದ ಕವಿತಾಳದ್ದು ಒಂದು ಅಧ್ಯಾಯವಾದರೆ, ಅದೇ ಮಗುವನ್ನು ಅಮೆರಿಕಕ್ಕೆ ಕರೆದುಕೊಂಡು ಹೋದ ಸೋಮರ್‌ಳದ್ದು ಇನ್ನೊಂದು. ಎರಡೂ ಮನೆಯ ಒಲೆ ಹತ್ತಿರ ಓದುಗ ಕೂತು ಬರುತ್ತಾನೆ.

ಇದಕ್ಕೆ ಉಲ್ಟಾ ಆದದ್ದೂ ಇದೆ. ಐರ್ಲೆಂಡಿನಲ್ಲಿ ಮದುವೆಯಾಗದೆ ತಾಯಿಯಾದ ಫಿಲೊಮಿನಾ ಲೀ ಎಂಬಾಕೆಯ ಮಗನನ್ನು ಕಾನ್ವೆಂಟಿನವರು ಅಮೆರಿಕಕ್ಕೆ ದತ್ತು ಕೊಟ್ಟಿದ್ದರು. ಮಾರ್ಟಿನ್ ಸಿಕ್ಸ್‌ಸ್ಮಿತ್ 2009ರಲ್ಲಿ ಬರೆದ ಪುಸ್ತಕ ಹೆಚ್ಚಾಗಿ ಆ ಮಗನ ಅಮೆರಿಕದ ಬದುಕನ್ನು ಹೇಳುತ್ತದೆ. 2013ರ ‘ಫಿಲೊಮಿನಾ’ ಸಿನಿಮಾ ಮಗನನ್ನು ಹಿಂದಕ್ಕೆ ಸರಿಸಿ ಮುದುಕಿ ತಾಯಿಯನ್ನು ಮುಂದೆ ತಂದಿತು. ಜೂಡಿ ಡೆಂಚ್‌ರಂಥ ನಟಿ ಸಿಕ್ಕರೆ ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಅದು ಅನಿವಾರ್ಯವಾಗಿತ್ತು ಕೂಡ. ಮಗ ಸತ್ತುಹೋಗಿದ್ದಾನೆ, ಹುಡುಕುತ್ತಿರುವವಳು ಅವಳು. ಹುಡುಕುವವರ ಬೆನ್ನು ಹಿಡಿಯುವುದು ಸಿನಿಮಾದ ಸ್ವಭಾವ. ಖಂಡ್ವಾದ ತಾಯಿ ಹುಡುಕಿ ಸುಸ್ತಾಗಿ ಕಾಯುತ್ತ ಕೂತಳು. ಕಾಯುವವರನ್ನು ತೋರಿಸುವುದು ಕಷ್ಟ.

ಕಾಯುವವರನ್ನು ತೋರಿಸಿದ ಒಬ್ಬ ನಿರ್ದೇಶಕನಿದ್ದ, ಅದೂ ಇದೇ ಊರಿನಿಂದ ಶುರುಮಾಡಿ. ಸತ್ಯಜಿತ್ ರಾಯ್ 1956ರಲ್ಲಿ ಬಿಭೂತಿಭೂಷಣರ ಕಾದಂಬರಿಗಳಿಂದ ‘ಅಪರಾಜಿತೋ’ ಮಾಡಿದಾಗ ಮೊದಲ ಭಾಗ ಪೂರ್ತಿ ಬನಾರಸ್. ಹರಿಹರ ಇಲ್ಲಿಯ ಘಾಟಿನಲ್ಲಿ ಪುರಾಣ ಹೇಳಿ, ಇಲ್ಲಿಯೇ ಗಂಗೆಯ ನೀರು ಕುಡಿದು ಸಾಯುತ್ತಾನೆ. ಸರ್ವಜಯಾ ಶ್ರೀಮಂತರ ಮನೆಯಲ್ಲಿ ಅಡುಗೆಯವಳಾಗುತ್ತಾಳೆ. ಆಮೇಲೆ ಹಳ್ಳಿಗೆ ಹೋಗಿ, ಕೊಲ್ಕತ್ತಕ್ಕೆ ಓದಲು ಹೋದ ಮಗನ ರೈಲಿಗಾಗಿ ಕಾಯುತ್ತಾಳೆ. ಇದು ದತ್ತುವಿನ ಕಥೆಯಲ್ಲ ಎನ್ನಬಹುದು. ಮಗುವನ್ನು ಬೇರೆ ಲೋಕಕ್ಕೆ ಬಿಟ್ಟುಕೊಟ್ಟ ತಾಯಿಯ ಕಥೆ ಹೌದಲ್ಲ. ತಾಯಿ ಸತ್ತ ಸುದ್ದಿ ಕೇಳಿದಾಗ ಅಪುವಿಗೆ ಒಂದು ಕ್ಷಣ ಬಿಡುಗಡೆಯಾದಂತೆ ಅನ್ನಿಸಿತೆಂದು ಕಾದಂಬರಿಕಾರ ಬರೆಯುತ್ತಾನೆ. ಆ ಕ್ರೂರವಾದ ನಿಜಕ್ಕೆ ಮನಸೋತೇ ರಾಯ್ ಈ ಪುಸ್ತಕಕ್ಕೆ ಕೈಹಾಕಿದ್ದು. ಸಿನಿಮಾದಲ್ಲಿ ಆ ಸಾಲನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಹುಡುಗ ಕೊಲ್ಕತ್ತದ ರೈಲು ತಪ್ಪಿಸಿಕೊಂಡು ಮನೆಗೆ ಮರಳಿದಾಗ, ಆಮೇಲೆ ಬರದೇ ಇದ್ದಾಗ, ಕರುಣಾ ಬ್ಯಾನರ್ಜಿಯ ಮುಖ ನೋಡಿ ನಾವೇ ತಿಳಿದುಕೊಳ್ಳಬೇಕು.

ಇನ್ನು ಶಾಸ್ತ್ರದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ದತ್ತು ಎಂದರೆ ಕಾಶಿಯನ್ನು ಬಿಟ್ಟು ಮಾತಾಡುವುದು ಸಾಧ್ಯವಿಲ್ಲ. ಹದಿನಾರನೆಯ ಶತಮಾನದ ಕೊನೆ, ಹದಿನೇಳನೆಯದರ ಆರಂಭದಲ್ಲಿ ಇಲ್ಲಿ ನಂದಪಂಡಿತನೆಂಬ ದೊಡ್ಡ ಧರ್ಮಶಾಸ್ತ್ರಿಯಿದ್ದ. ಅವನ ಪೂರ್ವಜರು ಬೀದರಿನ ಕಡೆಯಿಂದ ವಲಸೆ ಬಂದವರೆಂದು ಧರ್ಮಶಾಸ್ತ್ರದ ಇತಿಹಾಸ ಬರೆದವರು ಹೇಳುತ್ತಾರೆ. ನೋಡಿ, ನಾಲ್ಕುನೂರು ವರ್ಷದ ಹಿಂದೆಯೂ ನಮ್ಮ ಕಡೆಯವರು ಇಲ್ಲಿ ವರ್ಗವಾಗಿ ಬರುತ್ತಿದ್ದರು! ಬಸವಕಲ್ಯಾಣದ ವಿಜ್ಞಾನೇಶ್ವರನ ‘ಮಿತಾಕ್ಷರ’ಕ್ಕೆ ವ್ಯಾಖ್ಯಾನ ಬರೆದವನೂ ಇವನೇ. ಇವನ ‘ದತ್ತಕ ಮೀಮಾಂಸಾ’ 1821ರಲ್ಲಿ ಸದರ್ಲೆಂಡ್ ಎಂಬಾತನಿಂದ ಇಂಗ್ಲಿಷಿಗೆ ಹೋಯಿತು. ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ವರ್ಷ ಕೋರ್ಟುಗಳಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ, ಹಿಂದೂಗಳ ದತ್ತು ವ್ಯಾಜ್ಯಗಳಿಗೆ ಅದು ಆಧಾರವಾಯಿತು.

ಆ ಗ್ರಂಥದ ಒಂದು ಮಾತು ‘ಪುತ್ರಚ್ಛಾಯೆ’. ದತ್ತುಮಗ ಹೆತ್ತ ಮಗನ ನೆರಳಿನಂತಿರಬೇಕು, ಅಂದರೆ ದತ್ತು ತೆಗೆದುಕೊಳ್ಳುವವನಿಗೆ ಅವನು ಹುಟ್ಟಬಹುದಾಗಿದ್ದವನಂತೆ ಕಾಣಬೇಕು. ಹೀಗಾಗಿ ಮಗಳ ಮಗ, ಅಕ್ಕತಂಗಿಯರ ಮಗ ಕೂಡದು. ಗೋರಾ ಎಂಬ ಹೆಸರಿನ ಅರ್ಥವೇ ಬಿಳಿಯವನು ಎಂದು ನೆನಪಿಸಿಕೊಂಡು ಈ ನಿಯಮ ಓದಿದರೆ ಟಾಗೋರರು ಎಲ್ಲಿಗೆ ಕಲ್ಲು ಹೊಡೆದಿದ್ದಾರೆಂದು ತಿಳಿಯುತ್ತದೆ. ಅದೇ ನಂದಪಂಡಿತ ಇನ್ನೊಂದು ಕಡೆ ಆಶ್ಚರ್ಯಪಡಿಸುತ್ತಾನೆ. ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದು ಎಂದು ವಾದಿಸುತ್ತಾನೆ. ದಶರಥನ ಮಗಳು ಶಾಂತೆಯನ್ನು ಲೋಮಪಾದ ಸಾಕಿಕೊಂಡಿಲ್ಲವೇ, ಶೂರನ ಮಗಳು ಪೃಥೆ ಕುಂತಿಭೋಜನ ಮನೆಗೆ ಹೋಗಿ ಕುಂತಿಯಾಗಲಿಲ್ಲವೇ ಎಂದು ಸಾಕ್ಷಿ ತರುತ್ತಾನೆ. ಇದೇ ಕಾಶಿಯ ನೀಲಕಂಠಭಟ್ಟ ಇದನ್ನು ಒಪ್ಪಲಿಲ್ಲ, ಬ್ರಿಟಿಷರ ಕೋರ್ಟುಗಳೂ ಗಂಡುಮಗನ ಕಡೆಗೇ ವಾಲಿದವು. ಇನ್ನೊಂದು ಕಟ್ಟುಪಾಡು ಹಳೆಯ ಶಾಸ್ತ್ರದಲ್ಲಿತ್ತು. ಮಗುವನ್ನು ಕೊಡುವ ಕೈ ತಂದೆಯದೋ ತಾಯಿಯದೋ ಆಗಿರಬೇಕು. ಕೊಡುವವರೇ ಇಲ್ಲದ ಅನಾಥ ಮಗು ದತ್ತು ಹೋಗುವಂತೆಯೇ ಇರಲಿಲ್ಲ! ಯಾರಿಗೆ ಮನೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅವರಿಗೇ ಬಾಗಿಲು ಇಲ್ಲ.

ಆ ಕಾಲದ ದತ್ತು ಆಸ್ತಿಯ, ಪಿಂಡದ, ಸಿಂಹಾಸನದ ವಿಷಯ. ಭದೈನಿ ಕಡೆ ಲಕ್ಷ್ಮೀಬಾಯಿಯ ಜನ್ಮಸ್ಥಾನವಿದೆ, ಇಲ್ಲಿಯ ಮಣಿಕರ್ಣಿಕಾ ಝಾನ್ಸಿಯ ರಾಣಿಯಾಗಿ 1853ರಲ್ಲಿ ಗಂಡನ ಜೊತೆ ದತ್ತು ತೆಗೆದುಕೊಂಡ ಮಗನನ್ನು ಕಂಪನಿ ಒಪ್ಪಲಿಲ್ಲ. ಅದಕ್ಕೂ ಸುಮಾರು ಮೂವತ್ತು ವರ್ಷ ಮುಂಚೆ, 1824ರಲ್ಲಿ, ಕಿತ್ತೂರಿನಲ್ಲೂ ಇದೇ ತಕರಾರು. ಎರಡೂ ಕಥೆಗಳ ಸಿನಿಮಾ ನಾವು ನೋಡಿದ್ದೇವೆ, 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಸರೋಜಾದೇವಿ, 2019ರ ‘ಮಣಿಕರ್ಣಿಕಾ’ದಲ್ಲಿ ಕಂಗನಾ. ಕತ್ತಿ ನೆನಪಿದೆ, ಕುದುರೆ ನೆನಪಿದೆ. ದತ್ತು ಹೋದ ಆ ಹುಡುಗನ ಮುಖ ಯಾರಿಗಾದರೂ ನೆನಪಿದೆಯೇ?

1956ರ ಕಾಯ್ದೆ ಹಿಂದೂಗಳಿಗೆ ಹೆಣ್ಣುಮಗುವಿನ ದತ್ತು ಸಾಧ್ಯ ಮಾಡಿತು. ವಿದೇಶೀಯರಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಅವರು 1890ರ ಪೋಷಕರ ಕಾಯ್ದೆಯಲ್ಲಿ ಪೋಷಕರೆಂದು ಆದೇಶ ಪಡೆದು, ತಮ್ಮ ದೇಶಕ್ಕೆ ಹೋಗಿ ದತ್ತು ಮಾಡಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಮಗು ಯಾರದ್ದೂ ಅಲ್ಲ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು 1982ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದ ಒಂದು ಪತ್ರವೇ ಅರ್ಜಿಯಾಯಿತು. 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಭಗವತಿ ಬರೆದ ತೀರ್ಪು ಮೊದಲ ಬಾರಿಗೆ ಬೇಲಿ ಹಾಕಿತು. ಮೊದಲು ದೇಶದೊಳಗೆ ಮನೆ ಹುಡುಕಬೇಕು, ಹೊರಗೆ ಕಳಿಸುವುದಾದರೆ ನೋಂದಾಯಿತ ಸಂಸ್ಥೆಯ ಮೂಲಕವೇ. 1990ರಲ್ಲಿ ‘ಕಾರಾ’ ಹುಟ್ಟಿತು, 2003ರಲ್ಲಿ ಭಾರತ ಹೇಗ್ ಒಪ್ಪಂದ ಅಂಗೀಕರಿಸಿತು, 2015ರ ಬಾಲನ್ಯಾಯ ಕಾಯ್ದೆ ಎಲ್ಲವನ್ನೂ ಒಂದು ಸೂರಿನಡಿ ತಂದಿತು. ಈಗ ಹೆತ್ತವರು ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಾಯಿಸಲು ಎರಡು ತಿಂಗಳು ಕಾಲಾವಕಾಶವಿದೆ. ಸರೂ ಹೋಬಾರ್ಟಿಗೆ ಹೋದದ್ದು ಭಗವತಿಯವರ ತೀರ್ಪಾದ ಮೂರು ವರ್ಷಕ್ಕೆ. ಸಿನಿಮಾದಲ್ಲಿ ದೀಪ್ತಿ ನವಲ್ ಮಾಡಿದ ಸರೋಜ್ ಸೂದ್ ಪಾತ್ರ ಕೆಲವೇ ನಿಮಿಷಗಳಲ್ಲಿ ಹುಡುಗನಿಗೆ ಆಸ್ಟ್ರೇಲಿಯಾದ ಫೋಟೋ ತೋರಿಸಿ ಒಪ್ಪಿಸುತ್ತಾಳೆ. ಆ ಆಲ್ಬಂ ಹಿಂದಿನ ಕಾಗದ, ಕೋರ್ಟು, ಪತ್ರಿಕೆಯಲ್ಲಿ ಹಾಕಿಸಿದ ಫೋಟೋ, ಯಾರೂ ಹುಡುಕಿಕೊಂಡು ಬಾರದ ವಾರಗಳು, ಇದು ಯಾವುದೂ ಕ್ಯಾಮರಾಕ್ಕೆ ರುಚಿಸುವುದಿಲ್ಲ. ನನ್ನ ತಂಗಿಯ ಮೂರು ವರ್ಷಗಳು ಹೋದದ್ದು ಆ ರುಚಿಸದ ಭಾಗದಲ್ಲಿ.

ಕಾಶಿಯಲ್ಲೇ ನಡೆಯುವ ಎರಡು ಸಿನಿಮಾಗಳನ್ನು ಹೇಳದೆ ಬಿಡಲಾರೆ. 2007ರ ‘ಧರ್ಮ್’, ಭಾವನಾ ತಲ್ವಾರ್ ನಿರ್ದೇಶನ. ಪಂಕಜ್ ಕಪೂರ್ ಇಲ್ಲಿಯ ಕಟ್ಟಾ ಸಂಪ್ರದಾಯದ ಪಂಡಿತ, ಸುಪ್ರಿಯಾ 
ಪಾಠಕ್ ಹೆಂಡತಿ. ಯಾರೋ ಬಿಟ್ಟುಹೋದ ಕೂಸನ್ನು ಬ್ರಾಹ್ಮಣರ ಮಗುವೆಂಬ ನಂಬಿಕೆಯ ಮೇಲೆ ಸಾಕುತ್ತಾರೆ. ಕೆಲವು ವರ್ಷದ ಮೇಲೆ ಹೆತ್ತವಳು ಬಂದಾಗ ಮಗು ಮುಸ್ಲಿಮನೆಂದು ತಿಳಿಯುತ್ತದೆ. ಪಂಡಿತ ಮಗುವನ್ನು ಕಳಿಸಿ ಶುದ್ಧಿ ಮಾಡಿಕೊಳ್ಳಲು ಕೂರುತ್ತಾನೆ. ಗೋರಾದ ಕಥೆಯನ್ನೇ ತಂದೆಯ ಕಡೆಯಿಂದ ಹೇಳಿದ ಹಾಗಿದೆ. ನೀರಿನಲ್ಲಿ ಮುಳುಗೆದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳುವ ಮನುಷ್ಯನಿಗೆ ಮನೆಯ ಮೂಲೆಮೂಲೆಯಲ್ಲೂ ಮಗುವೇ ಕಾಣಿಸುವ ಭಾಗವನ್ನು ಪಂಕಜ್ ಕಪೂರ್ ಮಾತಿಲ್ಲದೆ ಮಾಡಿದ್ದಾನೆ. ಗಲಭೆಯ ಕೊನೆ ಸ್ವಲ್ಪ ಬಲವಂತದ್ದೆನಿಸಿದರೂ ನಾನು ಮೂರು ಸಲ ನೋಡಿದ್ದೇನೆ.

ಇನ್ನೊಂದು ದೀಪಾ ಮೆಹ್ತಾರ ‘ವಾಟರ್’. 1938ರ ಕಾಶಿಯ ವಿಧವಾಶ್ರಮದ ಕಥೆ. 2000ದಲ್ಲಿ ಇಲ್ಲಿಯ ಘಾಟಿನ ಮೇಲೆ ಹಾಕಿದ್ದ ಸೆಟ್ಟನ್ನು ಜನ ಧ್ವಂಸ ಮಾಡಿದರು, ಚಿತ್ರೀಕರಣ ನಿಂತಿತು. ಕೊನೆಗೆ ಶ್ರೀಲಂಕಾದಲ್ಲಿ ಬೇರೆ ನಟರನ್ನಿಟ್ಟುಕೊಂಡು ತೆಗೆದು 2005ರಲ್ಲಿ ಬಿಡುಗಡೆಯಾಯಿತು. ಪುಟ್ಟ ವಿಧವೆ ಚುಯಿಯಾ ಆಗಿ ಮಾಡಿದ ಸರಳಾ ಎಂಬ ಸಿಂಹಳದ ಹುಡುಗಿಗೆ ಹಿಂದಿ ಬರುತ್ತಿರಲಿಲ್ಲ, ಸಂಭಾಷಣೆಯನ್ನು ಬರೀ ಸದ್ದಾಗಿ ಕಲಿತು ಒಪ್ಪಿಸಿದಳು. ಕಾಶಿಯ ಹುಡುಗಿಯ ಬಾಯಿ ಲಂಕೆಯದು, ಗಂಗೆಯೂ ಲಂಕೆಯದು. ಇಲ್ಲಿ ಕಾದಂಬರಿಯ ದಿಕ್ಕೂ ಬೇರೆ. ಸಿನಿಮಾ ಮೊದಲು ಬಂತು, ಬಾಪ್ಸಿ ಸಿಧ್ವಾ ಅದನ್ನು ನೋಡಿಕೊಂಡು 2006ರಲ್ಲಿ ಕಾದಂಬರಿ ಬರೆದರು. ಕೊನೆಯ ದೃಶ್ಯದಲ್ಲಿ ಸೀಮಾ ಬಿಸ್ವಾಸ್ ಹೊರಡುತ್ತಿರುವ ರೈಲಿನ ಪಕ್ಕ ಓಡುತ್ತ ಮಗುವನ್ನು ಒಳಗಿದ್ದವರ ಕೈಗೆ ಕೊಡುತ್ತಾಳೆ. ಮಗುವನ್ನು ಬಿಟ್ಟುಕೊಡುವ ಹೆಂಗಸನ್ನು ಇಷ್ಟು ಹತ್ತಿರದಿಂದ, ಅವಳ ಉಸಿರು ಕೇಳುವಷ್ಟು ಹತ್ತಿರದಿಂದ ತೋರಿಸಿದ ಚಿತ್ರಗಳು ಕಡಿಮೆ. ರೈಲು ಹೋದಮೇಲೆ ಕ್ಯಾಮರಾ ಅವಳ ಬಳಿಯೇ ಉಳಿಯುತ್ತದೆ.

ನಮ್ಮ ಕನ್ನಡದಲ್ಲಿ? ‘ವಂಶವೃಕ್ಷ’ ಇದೆಯಲ್ಲ. ಭೈರಪ್ಪನವರ 1965ರ ಕಾದಂಬರಿ, ಕಾರಂತ-ಕಾರ್ನಾಡರ ಸಿನಿಮಾ. ವಿಧವೆ ಕಾತ್ಯಾಯಿನಿ ಮರುಮದುವೆಯಾಗಿ ಹೋಗುವಾಗ ಮಗನನ್ನು ಶ್ರೋತ್ರಿಯರ ವಂಶಕ್ಕೇ ಬಿಟ್ಟು ಹೋಗಬೇಕಾಗುತ್ತದೆ. ಆ ವಂಶದ ಬೇರು ಎಲ್ಲಿಯದೆಂದು ಸ್ವತಃ ಶ್ರೋತ್ರಿಯರಿಗೇ ಕೊನೆಗೆ ಗೊತ್ತಾಗುತ್ತದೆ, ಪುತ್ರಚ್ಛಾಯೆಯ ತರ್ಕವೆಲ್ಲ ಅಲ್ಲಿ ಕುಸಿಯುತ್ತದೆ. ಎಲ್.ವಿ. ಶಾರದಾ ಅವರ ಕಾತ್ಯಾಯಿನಿ ನನ್ನ ಮಟ್ಟಿಗೆ ಮಗುವನ್ನು ಬಿಟ್ಟುಬಂದ ತಾಯಿಯ ಅತ್ಯುತ್ತಮ ಕನ್ನಡ ಚಿತ್ರಣ. ಅದನ್ನು ನಿರ್ದೇಶಿಸಿದ ಬಿ.ವಿ. ಕಾರಂತರೂ ಒಂದು ರೀತಿಯಲ್ಲಿ ಸಾಕುಮಗನೇ. ಬಾಬುಕೋಡಿಯಿಂದ ಓಡಿಹೋಗಿ ಗುಬ್ಬಿ ಕಂಪನಿ ಸೇರಿದ ಹುಡುಗನನ್ನು ವೀರಣ್ಣನವರು ಓದಲೆಂದು ಕಳಿಸಿದ್ದು ಇದೇ ಬನಾರಸಿಗೆ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ದತ್ತು ಮಕ್ಕಳಿಗೂ ವಲಸಿಗರಿಗೂ ಇದಕ್ಕಿಂತ ಹೊಂದುವ ಹೆಸರು ಬೇರೆ ಎಲ್ಲಿ ಸಿಗಬೇಕು?

ತಂಗಿಗೆ ಕೊನೆಗೆ ನಾನು ಹೇಳಿದ್ದು ಮಣಿರತ್ನಂ ಅವರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ (2002) ಹೆಸರು. ಒಂಬತ್ತನೆಯ ಹುಟ್ಟುಹಬ್ಬದ ದಿನ ಅಮುದಾಳಿಗೆ, ನೀನು ರಾಮೇಶ್ವರದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವಳು, ಹೆತ್ತವಳು ಲಂಕೆಗೆ ವಾಪಸು ಹೋದಳು ಎಂದು ಹೇಳುತ್ತಾರೆ. ಹುಡುಗಿ ಸಿಟ್ಟಾಗುತ್ತಾಳೆ, ಮನೆ ಬಿಟ್ಟು ಓಡುತ್ತಾಳೆ, ಸಾಕುತಾಯಿಯನ್ನು ಚುಚ್ಚುತ್ತಾಳೆ. ಕೊನೆಗೆ ತಂದೆತಾಯಿ ಅವಳನ್ನು ಕರೆದುಕೊಂಡು ಯುದ್ಧದ ನಡುವೆ ಲಂಕೆಗೆ ಹೋಗುತ್ತಾರೆ. ಹೆತ್ತ ತಾಯಿ ನಂದಿತಾ ದಾಸ್ ಸಿಕ್ಕಾಗ ಹುಡುಗಿಯ ಪ್ರಶ್ನೆಗಳಿಗೆ ಅವಳ ಬಳಿ ಉತ್ತರವಿಲ್ಲ. ಸಿನಿಮಾ ಕೂಡ ಉತ್ತರ ಕಟ್ಟಿಕೊಡುವುದಿಲ್ಲ. ಹುಡುಕಿದರೆ ಎಲ್ಲ ಸಿಗುತ್ತದೆ ಎಂಬ ಸುಳ್ಳನ್ನು ಹೇಳದಿರುವುದು ಅದರ ದೊಡ್ಡತನ. ನನ್ನ ತಂಗಿಯ ಮಗಳ ಫೈಲಿನಲ್ಲಿ ತಾಯಿಯ ಹೆಸರಿನ ಮುಂದೆ ಗೊತ್ತಿಲ್ಲ ಎಂದಿದೆ. ಬೇರು ಹುಡುಕುವ ಹಕ್ಕನ್ನು ಈಗಿನ ನಿಯಮಗಳು ದತ್ತು ಮಕ್ಕಳಿಗೆ ಕೊಡುತ್ತವೆ, ಹದಿನೆಂಟು ತುಂಬಿದವರು ತಾವೇ ಅರ್ಜಿ ಹಾಕಬಹುದು. ಅರ್ಜಿ ಹಾಕಿದರೂ ಆ ಒಂದು ಖಾಲಿ ಜಾಗ ಹಾಗೆಯೇ ಉಳಿಯಬಹುದು. ‘ಲಯನ್’ ಅವಳಿಗೆ ಆಸೆ ಹುಟ್ಟಿಸುತ್ತದೆ, ‘ಕನ್ನತ್ತಿಲ್’ ಜೊತೆಗೆ ಕೂತು ಅಳುತ್ತದೆ. ಎರಡನ್ನೂ ತೋರಿಸಲಿ, ಈ ಕ್ರಮದಲ್ಲಲ್ಲ ಅಷ್ಟೆ.

‘ಲಯನ್’ ಸಿನಿಮಾದ ಬಗ್ಗೆ ಇಷ್ಟು ತಕರಾರು ತೆಗೆದಮೇಲೆ ಅದರ ಕಡೆಯ ಒಂದು ನಿಮಿಷಕ್ಕೆ ಕೈಮುಗಿಯಲೇಬೇಕು. ಕಥೆ ಮುಗಿದು ಹೆಸರುಗಳು ಬರುವ ಮುನ್ನ ನಟರು ಹೋಗಿ ನಿಜವಾದವರು ಬರುತ್ತಾರೆ. ಖಂಡ್ವಾದ ಓಣಿಯಲ್ಲಿ ಸರೂ ತನ್ನ ಸಾಕುತಾಯಿ ಸೂಳನ್ನು ಕರೆತಂದು ಹೆತ್ತ ತಾಯಿಯ ಮುಂದೆ ನಿಲ್ಲಿಸುತ್ತಾನೆ. ಇಬ್ಬರು ಹೆಂಗಸರೂ ತಬ್ಬಿಕೊಳ್ಳುತ್ತಾರೆ. ಒಬ್ಬಳಿಗೆ ಇಂಗ್ಲಿಷ್ ಬರುವುದಿಲ್ಲ, ಇನ್ನೊಬ್ಬಳಿಗೆ ಹಿಂದಿ. ನಡುವೆ ನಿಂತ ಮಗ ಹಿಂದಿಯನ್ನು ಎಂದೋ ಕಳೆದುಕೊಂಡಿದ್ದಾನೆ.